ಸ್ನೇರ್ ಆಡಿಷನ್‌ಗೆ ಮುಂಚೆ: ತಪ್ಪು ಕೇಳಿಸುವ ಜಾಗ, ತಪ್ಪು ಹುಟ್ಟುವ ಜಾಗ

ನನ್ನ ಅಕ್ಕನ ಮಗಳು ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಓದುತ್ತಾಳೆ. ಕಳೆದ ವರ್ಷ ಶಾಲೆಯ ಡ್ರಮ್‌ಲೈನ್‌ಗೆ, ಅಂದರೆ ಮಾರ್ಚಿಂಗ್ ಬ್ಯಾಂಡ್‌ನ ಡ್ರಮ್ ತಂಡಕ್ಕೆ, ಸ್ನೇರ್ ಡ್ರಮ್ ಬಾರಿಸುವ ಆಡಿಷನ್ (ಆಯ್ಕೆ ಪರೀಕ್ಷೆ) ಕೊಡಬೇಕಿತ್ತು. ಮೂರು ವಾರ ಒಂದೇ ದೂರು. "ಮಾಮ, ನನ್ನ ರೋಲ್ ಸರಿ ಇಲ್ಲ. ಶುರುವಾಗೋವಾಗಲೇ ಮುಗ್ಗರಿಸುತ್ತೆ." ದಿನಕ್ಕೆ ಒಂದು ಗಂಟೆ ಆ ರೋಲ್ (ಎರಡೂ ಕೈಯಲ್ಲಿ ಬಿಡದೆ ಬಾರಿಸುವ ವೇಗದ ಪೆಟ್ಟುಗಳು) ಒಂದನ್ನೇ ಬಾರಿಸುತ್ತಿದ್ದಳು. ಅದೊಂದನ್ನೇ ಬಾರಿಸಿದರೆ ಚೆನ್ನಾಗೇ ಇರುತ್ತಿತ್ತು. ಪಾಠದ ನಡುವೆ ಬಂದರೆ ಮತ್ತೆ ಮುಗ್ಗರಿಕೆ. ಕೊನೆಗೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಕಳಿಸು ಅಂದೆ. ರೋಲ್‌ನಲ್ಲಿ ಏನೂ ತಪ್ಪಿರಲಿಲ್ಲ. ಅದಕ್ಕೆ ಮುಂಚಿನ ಆಕ್ಸೆಂಟ್ (ಒತ್ತು ಕೊಟ್ಟ ಜೋರು ಪೆಟ್ಟು) ಹೊಡೆದ ಬಲಗೈ ಕಡ್ಡಿ ಇನ್ನೂ ಆರೇಳು ಇಂಚು ಮೇಲೆ ತೇಲುತ್ತಿತ್ತು. ಮೂರು ಇಂಚಿನಲ್ಲಿ ಇರಬೇಕಾದ ಕಡ್ಡಿ ಅಷ್ಟು ಮೇಲಿದ್ದರೆ ರೋಲ್ ಸಮನಾಗಿ ಹೇಗೆ ಶುರುವಾದೀತು?

ಅವತ್ತಿನಿಂದ ಯಾರ ಕೈ ನೋಡಿದರೂ ನಾನು ತಪ್ಪು ಕೇಳಿಸಿದ ಪೆಟ್ಟಿನಿಂದ ಒಂದು ಪೆಟ್ಟು ಹಿಂದೆ ಹೋಗಿ ಹುಡುಕುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಅಲ್ಲೇ ಸಿಗುತ್ತದೆ. ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಗಂಟೆಗಟ್ಟಲೆ ಬಾರಿಸಿದರೆ ಆ ತಪ್ಪೇ ಕೈಗೆ ಅಭ್ಯಾಸವಾಗಿ ಕೂತುಬಿಡುತ್ತದೆ. ಮೊದಲು ಹುಡುಕಿ, ಆಮೇಲೆ ಬಾರಿಸಿ.

ಅಮೆರಿಕದ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಬೇಸಿಗೆ ರಜೆಗೆ ಮುಂಚೆ ಆಡಿಷನ್ ನಡೆಯುತ್ತದೆ. ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ (ಯುವಕರ ಮಾರ್ಚಿಂಗ್ ತಂಡಗಳ ಸ್ಪರ್ಧೆ ನಡೆಸುವ ಸಂಸ್ಥೆ) ತಂಡಗಳ ಆಡಿಷನ್ ಕ್ಯಾಂಪುಗಳು ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗುತ್ತವೆ. ಎರಡರ ಮಟ್ಟ ಬೇರೆ ಬೇರೆ. ತಪ್ಪುಗಳು ಮಾತ್ರ ಅವೇ.

ಕೈಯನ್ನು ದೂರುವ ಮುಂಚೆ

ಸಾಮಾನು ಒಮ್ಮೆ ನೋಡಿಕೊಳ್ಳಿ. ಇದು ಐದು ನಿಮಿಷದ ಕೆಲಸ. ಮಾರ್ಚಿಂಗ್ ಸ್ನೇರ್ 14 ಇಂಚು ಅಗಲ, 12 ಇಂಚು ಆಳ ಇರುತ್ತದೆ. ಮೇಲಿನ ಹೆಡ್ (ಪೆಟ್ಟು ಬೀಳುವ ಹೊದಿಕೆ) ಕೆವ್ಲಾರ್ ಥರದ ಗಟ್ಟಿ ನಾರಿನದು, ಟೇಬಲ್ಲಿನಷ್ಟು ಗಟ್ಟಿಯಾಗಿ ಬಿಗಿದಿರುತ್ತಾರೆ. 1980ರ ದಶಕದಲ್ಲಿ ಇಂಥ ಹೆಡ್ ಬಂದ ಮೇಲೆ ಡ್ರಮ್‌ಲೈನ್‌ನ ಸದ್ದೇ ಬದಲಾಯಿತು. ಪ್ರತಿ ಪೆಟ್ಟೂ ಬೇರೆ ಬೇರೆಯಾಗಿ ಚುರುಕಾಗಿ ಕೇಳಿಸುತ್ತದೆ, ಹಾಗಾಗಿ ಸಣ್ಣ ತಪ್ಪಿಗೂ ಅಡಗಲು ಜಾಗವಿಲ್ಲ. ಅಭ್ಯಾಸದ ಮೆತ್ತನೆ ರಬ್ಬರ್ ಪ್ಯಾಡ್ ಮೇಲೆ ಮಾತ್ರ ಕಲಿತ ಕೈ ಈ ಹೆಡ್ ಮೇಲೆ ಮೊದಲ ಸಲ ಬಿದ್ದಾಗ ಗಾಬರಿಯಾಗುವುದು ಸಹಜ.

ಕಡ್ಡಿಯೂ ಮಾರ್ಚಿಂಗ್ ಕಡ್ಡಿಯೇ ಆಗಿರಲಿ. ಸುಮಾರು 17 ಇಂಚು ಉದ್ದ, ದಪ್ಪ, ತೂಕ ಜಾಸ್ತಿ. ಡ್ರಮ್‌ಸೆಟ್‌ನ ತೆಳು ಕಡ್ಡಿಯಲ್ಲಿ ತಯಾರಾಗಿ ಆಡಿಷನ್ ದಿನ ದಪ್ಪದ್ದು ಹಿಡಿದರೆ ಬೆರಳುಗಳು ಸುಸ್ತಾಗುತ್ತವೆ. ಪ್ಯಾಡನ್ನು ಮಂಚದ ಮೇಲೆ ಇಟ್ಟುಕೊಂಡು ಕೂತು ಬಾರಿಸಬೇಡಿ. ನಿಂತು ಬಾರಿಸಿ. ಪ್ಯಾಡ್ ಹೊಕ್ಕುಳಿಗಿಂತ ಸ್ವಲ್ಪ ಕೆಳಗಿರಲಿ, ಮುಂಗೈ ಸ್ವಲ್ಪವೇ ಇಳಿಜಾರಾಗಿರಲಿ. ನಿಜವಾದ ಡ್ರಮ್ ಮೇಲೆ ಬಾರಿಸುವಾಗ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಇದರಲ್ಲಿ ರಾಜಿ ಬೇಡ. ಹೋದ ಕಿವಿ ವಾಪಸ್ ಬರುವುದಿಲ್ಲ.

ತಪ್ಪನ್ನು ಹಿಡಿಯುವುದು

ಕಿವಿ ಒಂದನ್ನೇ ನಂಬಿದರೆ ಸಾಲದು. ಮೆಟ್ರೋನೋಮ್ (ತಾಳ ಹಿಡಿಯುವ ಯಂತ್ರ) 120ರಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್‌ನಲ್ಲಿ, ಇದ್ದಾಗ ಒಂದು ಬೀಟ್‌ಗೆ ನಾಲ್ಕು ಪೆಟ್ಟು ಬಾರಿಸಿದರೆ ಎರಡು ಪೆಟ್ಟುಗಳ ನಡುವೆ 125 ಮಿಲಿಸೆಕೆಂಡ್. ಅದೇ ವೇಗದಲ್ಲಿ ರೋಲ್ ಆದರೆ ಅದರ ಅರ್ಧ. ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಅಂದರೆ ರೋಲಿನ ಒಂದು ಪೆಟ್ಟಿಗೆ ಎರಡು ಚಿತ್ರವೂ ಸಿಗುವುದಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ 240 ಇಟ್ಟರೆ 15 ಚಿತ್ರ ಸಿಗುತ್ತದೆ. ಆಗ ಕಡ್ಡಿ ಎಲ್ಲಿದೆ ಅಂತ ನಿಲ್ಲಿಸಿ ನೋಡಬಹುದು.

ಫೋನನ್ನು ಪ್ಯಾಡಿನ ಮಟ್ಟಕ್ಕೇ, ಎದುರಿಗೆ ಇಡಿ. ನಿಮ್ಮ ಹಿಂದೆ ಗೋಡೆಗೆ ಗೆರೆ ಎಳೆಯುವ ಬದಲು ಪ್ಯಾಡಿನ ಪಕ್ಕ ಒಂದು ಸ್ಕೇಲ್ ನಿಲ್ಲಿಸಿ. ಅದರ ಮೇಲೆ 3, 6, 9, 12 ಇಂಚಿಗೆ ಬಣ್ಣದ ಟೇಪ್ ಅಂಟಿಸಿ. ಡ್ರಮ್‌ಲೈನ್‌ನಲ್ಲಿ ಸದ್ದಿನ ಏರಿಳಿತವನ್ನು ಈ ಎತ್ತರದಲ್ಲೇ ಅಳೆಯುತ್ತಾರೆ. ಸಣ್ಣ ಟ್ಯಾಪ್ (ಮೆಲ್ಲನೆಯ ಪೆಟ್ಟು) ಅಂದರೆ 3 ಇಂಚು, ದೊಡ್ಡ ಆಕ್ಸೆಂಟ್ ಅಂದರೆ 12 ಇಂಚು, ಹೀಗೆ. ನಿಮ್ಮ ಆಡಿಷನ್ ಪ್ಯಾಕೆಟ್‌ನಲ್ಲಿ (ಆಡಿಷನ್‌ಗೆ ಕೊಡುವ ಪಾಠಗಳ ಪುಸ್ತಿಕೆ) ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಆಮೇಲೆ ಪಾಠವನ್ನು ಬಿಡಿಸಿ. ಬಲಗೈ ಪೆಟ್ಟುಗಳನ್ನು ಮಾತ್ರ ಬಾರಿಸಿ, ಎಡಗೈ ಜಾಗ ಖಾಲಿ ಬಿಡಿ. ಮತ್ತೆ ಎಡಗೈ ಮಾತ್ರ. ಆಮೇಲೆ ಎರಡೂ. ಕೊನೆಗೆ ಕಾಲು ಸೇರಿಸಿ. ಯಾವ ಹಂತದಲ್ಲಿ ತಪ್ಪು ಕಾಣಿಸಿಕೊಂಡಿತೋ ಆ ಹಂತದಲ್ಲೇ ಅದರ ಬೇರಿದೆ. ಒಂದು ಕೈಯಲ್ಲೇ ಹಾಳಾಗಿದ್ದರೆ ಎರಡು ಕೈ ಸೇರಿಸಿ ಬಾರಿಸುವುದು ಸುಮ್ನೆ ಸಮಯ ದಂಡ.

"ಸದ್ದು ಸತ್ತ ಹಾಗಿದೆ"

ಎಲ್ಲ ಆಡಿಷನ್‌ಗಳಲ್ಲೂ ಬಹುತೇಕ ಮೊದಲು ಬರುವ ಪಾಠ ಎಂಟೆಂಟರದ್ದು. ಬಲಗೈಯಲ್ಲಿ ಎಂಟು ಪೆಟ್ಟು, ಎಡಗೈಯಲ್ಲಿ ಎಂಟು, ಮತ್ತೆ ಮತ್ತೆ. ಕೇಳಲು ಸರಳ. ಆದರೆ ಕೈ ಬಿಗಿಯಾಗಿದೆಯೋ ಇಲ್ಲವೋ ಅಂತ ಕೇಳುವವರಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗಿಬಿಡುತ್ತದೆ.

ಕಡ್ಡಿ ಪ್ಯಾಡಿಗೆ ತಾಗಿದ ಮೇಲೆ ತಾನಾಗೇ ಪುಟಿಯಬೇಕು. ನೀವು ಅದನ್ನು ಎತ್ತಬೇಕಿಲ್ಲ, ಬಿಟ್ಟರೆ ಸಾಕು. ಬಿಗಿ ಹಿಡಿದರೆ ಪುಟಿತ ಅರ್ಧಕ್ಕೇ ನಿಲ್ಲುತ್ತದೆ, ಮರದ ನಾದ ಸತ್ತು ಬರೀ "ಟಕ್" ಉಳಿಯುತ್ತದೆ. ಪರೀಕ್ಷೆ ಸುಲಭ. ಬಾರಿಸುತ್ತಿರುವಾಗ ಇನ್ನೊಬ್ಬರು ಕಡ್ಡಿಯ ಹಿಂದಿನ ತುದಿ ಹಿಡಿದು ಮೆಲ್ಲಗೆ ಎಳೆಯಲಿ. ಸ್ವಲ್ಪ ತಡೆದು ಜಾರಿ ಬಂದರೆ ಸರಿ. ಕೈಯನ್ನೇ ಎಳೆದುಕೊಂಡು ಬಂದರೆ ಬಿಗಿ ಜಾಸ್ತಿ. ಗೆಣ್ಣುಗಳು ಬೆಳ್ಳಗಾಗಿವೆಯಾ, ಕಿರುಬೆರಳು ಕಡ್ಡಿ ಬಿಟ್ಟು ಗಾಳಿಯಲ್ಲಿ ನಿಂತಿದೆಯಾ ಅಂತಲೂ ನೋಡಿ. ಕಿರುಬೆರಳು ಬಿಟ್ಟವರು ಅದರ ಬದಲಿಗೆ ತೋರುಬೆರಳಿನಲ್ಲಿ ಹಿಂಡುತ್ತಾರೆ.

ಎಂಟರಲ್ಲಿ ಮೊದಲ ಪೆಟ್ಟು ಮಾತ್ರ ಜೋರಾಗಿದ್ದರೆ, ಕಾಯುತ್ತಿದ್ದ ಕೈ ಸರಿಯಾದ ಎತ್ತರದಲ್ಲಿ ಕಾಯುತ್ತಿಲ್ಲ ಅಂತ ಅರ್ಥ. ತಪ್ಪು ಆ ಪೆಟ್ಟಿನದಲ್ಲ, ಅದಕ್ಕೆ ಮುಂಚಿನ ಕಾಯುವಿಕೆಯದು.

ಆಕ್ಸೆಂಟ್ ಆದ ಮೇಲಿನ ಟ್ಯಾಪ್

ಇದರ ಬಗ್ಗೆ ಜಾಸ್ತಿ ಹೇಳಬೇಕು. ನಾನು ನೋಡಿದ ಮಕ್ಕಳಲ್ಲಿ ಬಹುಪಾಲು ಇಲ್ಲೇ ಸಿಕ್ಕಿಬೀಳುತ್ತಾರೆ.

ಲಕ್ಷಣ ಹೀಗಿರುತ್ತದೆ. ಒಂದು ಆಕ್ಸೆಂಟ್, ಮೂರು ಟ್ಯಾಪ್. ಮೂರು ಟ್ಯಾಪ್‌ಗಳೂ ಒಂದೇ ಸದ್ದಿನಲ್ಲಿ ಬರಬೇಕು. ಬದಲಿಗೆ ಮೊದಲನೆಯದು ಜೋರಾಗಿ, ಎರಡನೆಯದು ಸ್ವಲ್ಪ ಕಮ್ಮಿಯಾಗಿ, ಮೂರನೆಯದು ಸರಿಯಾಗಿ ಬರುತ್ತದೆ. ಬಾರಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅವರ ಕಿವಿ ಆಕ್ಸೆಂಟ್ ಮೇಲಿರುತ್ತದೆ. ಕೇಳುವವರಿಗೆ ಮಾತ್ರ ಎಲ್ಲ ಮಸುಕಾಗಿ, ಕೆಸರಾಗಿ ಕೇಳಿಸುತ್ತದೆ. ಆಕ್ಸೆಂಟ್ ಇನ್ನೂ ಜೋರಾಗಿ ಹೊಡೆದರೆ ಸರಿಹೋಗುತ್ತೆ ಅಂದುಕೊಂಡು ಜೋರಾಗಿ ಹೊಡೆಯುತ್ತಾರೆ. ಆಗ ಕಡ್ಡಿ ಇನ್ನೂ ಮೇಲಕ್ಕೆ ಪುಟಿಯುತ್ತದೆ, ಟ್ಯಾಪ್ ಇನ್ನೂ ಕೆಡುತ್ತದೆ.

ಕಾರಣ ಇಷ್ಟೇ. 12 ಇಂಚಿನಿಂದ ಬಿದ್ದ ಕಡ್ಡಿ 3 ಇಂಚಿನಲ್ಲಿ ನಿಲ್ಲಬೇಕು. ನಿಲ್ಲಿಸುವ ಕೆಲಸ ಹಿಂದಿನ ಮೂರು ಬೆರಳುಗಳದ್ದು: ನಡುಬೆರಳು, ಉಂಗುರ ಬೆರಳು, ಕಿರುಬೆರಳು. ಪೆಟ್ಟು ತಾಗಿದ ಕೂಡಲೇ ಅವು ಕಡ್ಡಿಯನ್ನು ಅಂಗೈಗೆ ಒತ್ತಿ ಹಿಡಿಯುತ್ತವೆ, ತಕ್ಷಣ ಸಡಿಲವಾಗುತ್ತವೆ. ತಾಗುವ ಮುಂಚೆಯೇ ಹಿಡಿದರೆ ಆಕ್ಸೆಂಟ್ ಹಿಂಡಿದ ಹಾಗೆ ಕೇಳಿಸುತ್ತದೆ. ತಡವಾಗಿ ಹಿಡಿದರೆ ಕಡ್ಡಿ ಆಗಲೇ ಆರು ಇಂಚಿಗೆ ಹೋಗಿರುತ್ತದೆ. ನಡುವಿನ ಆ ಸಣ್ಣ ಕ್ಷಣ ಬೆರಳಿಗೆ ಗೊತ್ತಾಗಬೇಕು. ಅದು ಮಾತಿನಲ್ಲಿ ಹೇಳಿ ಬರುವುದಲ್ಲ.

ನಾನು ಕೊಡುವ ಅಭ್ಯಾಸ ಇದು. ಮೆಟ್ರೋನೋಮ್ 60. ಒಂದು ಆಕ್ಸೆಂಟ್ ಹೊಡೆಯಿರಿ, ಅಲ್ಲೇ ನಿಂತುಬಿಡಿ. ಕಡ್ಡಿಯ ತುದಿ ಎಲ್ಲಿದೆ ನೋಡಿ. 3 ಇಂಚಿನಲ್ಲಿ ಇದ್ದರೆ ಎರಡು ಬೀಟ್ ಕಾದು ಒಂದು ಟ್ಯಾಪ್. ಇಲ್ಲದಿದ್ದರೆ ಟ್ಯಾಪ್ ಬಾರಿಸಬೇಡಿ, ಆಕ್ಸೆಂಟ್ ಮತ್ತೆ ಹೊಡೆಯಿರಿ. ಒಂದು ಕೈಗೆ ಐದು ನಿಮಿಷ. ಕಾಯುವ ಎರಡು ಬೀಟನ್ನು ಒಂದಕ್ಕೆ ಇಳಿಸಿ, ಆಮೇಲೆ ಅರ್ಧಕ್ಕೆ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ "ಇದೇನು ಮಾಮ, ಬಾರಿಸೋದಕ್ಕಿಂತ ನಿಲ್ಲೋದೇ ಜಾಸ್ತಿ" ಅಂದಳು. ಹೌದು, ನಿಲ್ಲುವುದೇ ಇಲ್ಲಿ ಪಾಠ. ಒಂಬತ್ತು ದಿನ ಆದ ಮೇಲೆ ಅವಳ ರೋಲ್ ತಾನಾಗೇ ಸರಿಯಾಯಿತು. ಆ ಒಂಬತ್ತು ದಿನ ರೋಲನ್ನು ಅವಳು ಮುಟ್ಟಿರಲಿಲ್ಲ.

ಇದರ ತಿರುಗುಮುರುಗು ತಪ್ಪೂ ಒಂದಿದೆ. ಆಕ್ಸೆಂಟ್ ಪ್ರತಿ ಸಲ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಆಗಲೂ ಒಂದು ಪೆಟ್ಟು ಹಿಂದೆ ನೋಡಿ. ಆಕ್ಸೆಂಟ್‌ಗೆ ಮುಂಚಿನ ಟ್ಯಾಪ್ ತಾಗಿದ ಕೂಡಲೇ ಮಣಿಕಟ್ಟು ಕಡ್ಡಿಯನ್ನು ಮೇಲೆತ್ತಿರಬೇಕು. ಟ್ಯಾಪ್ ಆದ ಮೇಲೂ ಕಡ್ಡಿ ಕೆಳಗೇ ಕೂತಿದ್ದರೆ, ಆಕ್ಸೆಂಟ್ ಹೊತ್ತಿಗೆ ಎತ್ತಿ ಹೊಡೆಯಲು ಸಮಯ ಸಾಲುವುದಿಲ್ಲ.

ರೋಲ್ ಮಸುಕಾಗಿದ್ದರೆ

ಮೇಲಿನದೆಲ್ಲ ನೋಡಿ ಆದ ಮೇಲೂ ರೋಲ್ ಸರಿ ಇಲ್ಲ ಅಂದರೆ ಈಗ ರೋಲನ್ನೇ ನೋಡೋಣ. ರೋಲ್ ಅಂದರೆ ಪ್ರತಿ ಕೈಗೆ ಎರಡೆರಡು ಪೆಟ್ಟು. ಅದರ ಕೆಳಗೆ ಒಂದೊಂದೇ ಪೆಟ್ಟಿನ ಓಟ ಇರುತ್ತದೆ. ಅದಕ್ಕೆ ಚೆಕ್ ಪ್ಯಾಟರ್ನ್ ಅನ್ನುತ್ತಾರೆ. ಮೊದಲು ಚೆಕ್ ಬಾರಿಸಿ, ನಿಲ್ಲಿಸದೆ ರೋಲ್‌ಗೆ ಹೋಗಿ, ಮತ್ತೆ ಚೆಕ್‌ಗೆ ಬನ್ನಿ. ಕೈಗಳ ಓಟದ ವೇಗ ಒಂದು ಚೂರೂ ಬದಲಾಗಬಾರದು. ರೋಲ್ ಶುರುವಾದ ಕೂಡಲೇ ಕೈ ಓಡಿದರೆ ಅಥವಾ ಎಳೆದರೆ ತಪ್ಪು ಎಣಿಕೆಯದು. ಓಟ ಸರಿ ಇದ್ದು ಸದ್ದು ಮಾತ್ರ ಮಸುಕಾಗಿದ್ದರೆ ತಪ್ಪು ಎರಡನೇ ಪೆಟ್ಟಿನದು.

ಎರಡನೇ ಪೆಟ್ಟನ್ನು ಪರೀಕ್ಷಿಸಲು ದಿಂಬು ತನ್ನಿ. ದಿಂಬು ಪುಟಿಸುವುದಿಲ್ಲ. ಪ್ಯಾಡ್ ಮೇಲೆ ಚೆನ್ನಾಗಿ ಕೇಳಿಸುವ ರೋಲ್ ದಿಂಬಿನ ಮೇಲೆ ಅರ್ಧಕ್ಕರ್ಧ ಮಾಯವಾದರೆ, ಇಷ್ಟು ದಿನ ಎರಡನೇ ಪೆಟ್ಟು ಬಾರಿಸುತ್ತಿದ್ದದ್ದು ಪ್ಯಾಡ್, ನೀವಲ್ಲ. ನಿಧಾನ ವೇಗದಲ್ಲಿ ಎರಡೂ ಪೆಟ್ಟನ್ನು ಮಣಿಕಟ್ಟಿನಿಂದಲೇ ಬಾರಿಸಿ. ವೇಗ ಹೆಚ್ಚಿದ ಹಾಗೆ ಎರಡನೆಯದಕ್ಕೆ ಬೆರಳು ಸೇರಿಕೊಳ್ಳಲಿ. ದಿಂಬಿನ ಮೇಲೆ ದಿನಕ್ಕೆ ಐದು ನಿಮಿಷ ಸಾಕು. ಜಾಸ್ತಿ ಮಾಡಿದರೆ ಮಣಿಕಟ್ಟು ನೋಯುತ್ತದೆ.

ಎಡಗೈ

ಮೊದಲು ಪ್ಯಾಕೆಟ್ ಓದಿ, ಯಾವ ಹಿಡಿತ ಬೇಕು ಅಂತ ನೋಡಿ. ಕೆಲವು ಲೈನ್‌ಗಳು ಎರಡೂ ಕೈ ಒಂದೇ ಥರ ಹಿಡಿಯುವ ಮ್ಯಾಚ್ಡ್ ಗ್ರಿಪ್ ಕೇಳುತ್ತವೆ, ಕೆಲವು ಟ್ರೆಡಿಷನಲ್ ಗ್ರಿಪ್ ಕೇಳುತ್ತವೆ. ಹಿಂದೆ ಡ್ರಮ್ ಹೆಗಲ ಪಟ್ಟಿಯಲ್ಲಿ ಓರೆಯಾಗಿ ನೇತಾಡುತ್ತಿತ್ತು. ಎತ್ತರದ ಅಂಚು ದಾಟಿ ಬಾರಿಸಲು ಎಡಗೈ ಅಂಗೈ ಮೇಲೆ ಮಾಡಿ ಹಿಡಿಯಬೇಕಾಗುತ್ತಿತ್ತು. ಈಗ ಡ್ರಮ್ ಮೈಗೆ ಹಾಕಿಕೊಳ್ಳುವ ಕ್ಯಾರಿಯರ್ ಚೌಕಟ್ಟಿನ ಮೇಲೆ ಮಟ್ಟಸವಾಗಿ ಕೂರುತ್ತದೆ. ಆದರೂ ಹಿಡಿತ ಉಳಿದುಕೊಂಡಿದೆ. ನನಗೆ ಅದು ತುಂಬಾ ಇಷ್ಟ, ಕಷ್ಟವಾದರೂ ಕಲಿಯಿರಿ ಅಂತಲೇ ಹೇಳುತ್ತೇನೆ.

ಕಡ್ಡಿ ಹೆಬ್ಬೆರಳಿನ ಬುಡದ ಸಂದಿಯಲ್ಲಿ ಕೂರಬೇಕು. ಉಂಗುರ ಬೆರಳಿನ ಉಗುರಿನ ಹತ್ತಿರ ಒರಗಬೇಕು. ಹೆಬ್ಬೆರಳು ತೋರುಬೆರಳಿಗೆ ತಾಗಿರಬೇಕು. ಇಲ್ಲಿ ಮಣಿಕಟ್ಟು ಮೇಲೆ ಕೆಳಗೆ ಆಡುವುದಿಲ್ಲ. ನಲ್ಲಿ ತಿರುಗಿಸುವಾಗಿನ ಹಾಗೆ ಮುಂಗೈ ಹೊರಳುತ್ತದೆ.

ಎಡಗೈ ಸದ್ದು ಸಣ್ಣದಾಗಿದ್ದರೆ ಮೊದಲು ಹೆಬ್ಬೆರಳು ನೋಡಿ. ಅದು ತೋರುಬೆರಳಿನಿಂದ ಬಿಟ್ಟುಕೊಂಡಿದ್ದರೆ ಕಡ್ಡಿಗೆ ಆಧಾರವೇ ಇಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಎತ್ತಿ, ಹೆಬ್ಬೆರಳಿನಿಂದ ಮಾತ್ರ ಎಂಟೆಂಟು ಬಾರಿಸಿ. ಕಡ್ಡಿ ಜಾರಿ ಬಿದ್ದರೆ ಕಾರಣ ಸಿಕ್ಕಿತು. ಕಡ್ಡಿ ನೇರ ಇಳಿಯದೆ ಕತ್ತಿ ಬೀಸಿದ ಹಾಗೆ ಪಕ್ಕಕ್ಕೆ ಕೊಯ್ಯುತ್ತಿದ್ದರೆ ಮೊಣಕೈ ಹೊರಕ್ಕೆ ಹಾರುತ್ತಿದೆ ಅಂತ. ಕನ್ನಡಿ ಮುಂದೆ ನಿಂತು ಅದನ್ನು ಮೈ ಪಕ್ಕ ಇಳಿಸಿ.

ಹೆಬ್ಬೆರಳ ಸಂದಿಯಲ್ಲಿ ಚರ್ಮ ಗಟ್ಟಿಯಾಗುವುದು ಮಾಮೂಲು. ಮಣಿಕಟ್ಟಿನಲ್ಲಿ ಚುಚ್ಚುವ ನೋವು ಮಾಮೂಲಲ್ಲ. ಅವತ್ತಿಗೆ ನಿಲ್ಲಿಸಿ. ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ.

ಎರಡು ಕಡ್ಡಿಗಳ ತುದಿ ಒಂದೇ ಜಾಗದಲ್ಲಿ ಬೀಳುತ್ತಿವೆಯಾ ಅಂತಲೂ ನೋಡಬೇಕು. ಪ್ಯಾಡ್ ಮೇಲೆ ಸೀಮೆಸುಣ್ಣದ ಪುಡಿ ಸವರಿ ಒಂದು ನಿಮಿಷ ಬಾರಿಸಿ. ನಡುವಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಗುರುತು ಬಿದ್ದರೆ ಒಳ್ಳೆಯದು. ಎಡಗೈ ಗುರುತು ಅಂಚಿನ ಕಡೆ ಹರಡಿದ್ದರೆ ಎಡಗೈ ಸದ್ದೇ ಬೇರೆಯಾಗಿ ಕೇಳಿಸುತ್ತದೆ. ಎಂಟು ಜನ ಒಬ್ಬರ ಹಾಗೆ ಕೇಳಿಸಬೇಕಾದ ಸಾಲಿನಲ್ಲಿ ಅದು ತಕ್ಷಣ ಹೊರಗೆ ಕಾಣುತ್ತದೆ.

ಫ್ಲ್ಯಾಮ್

ದೊಡ್ಡ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಇನ್ನೊಂದು ಕೈಯ ಸಣ್ಣ ಪೆಟ್ಟು ತಾಗುವುದೇ ಫ್ಲ್ಯಾಮ್. ಎರಡು ಕಡ್ಡಿ ಒಟ್ಟಿಗೇ ಬಿದ್ದು "ಟಪ್" ಅಂದರೆ ಅಥವಾ ತುಂಬಾ ಅಗಲವಾಗಿ "ಟ-ಟಪ್" ಅಂದರೆ, ಬಾರಿಸುವ ಮುಂಚಿನ ಕ್ಷಣದಲ್ಲಿ ನಿಲ್ಲಿ. ಒಂದು ಕಡ್ಡಿ ಮೇಲೆ, ಇನ್ನೊಂದು ಪ್ಯಾಡಿನ ಹತ್ತಿರ ಇರಬೇಕು. ಎರಡನ್ನೂ ಒಂದೇ ಸಲ ಬಿಡಿ. ಕೆಳಗಿನದು ಮೊದಲು ತಾಗುತ್ತದೆ, ಫ್ಲ್ಯಾಮ್ ತಾನಾಗೇ ಆಗುತ್ತದೆ. ಸಣ್ಣ ಪೆಟ್ಟಿನ ಕೈ ಮೇಲೆದ್ದರೆ ಎಲ್ಲ ಕೆಟ್ಟಿತು.

ಫ್ಲ್ಯಾಮ್ ಟ್ಯಾಪ್‌ನಲ್ಲಿ ಪ್ರತಿ ಕೈಗೂ ಸಾಲಾಗಿ ಮೂರು ಪೆಟ್ಟು ಬರುತ್ತದೆ: ದೊಡ್ಡದು, ಟ್ಯಾಪ್, ಸಣ್ಣದು. ಮೂರನೆಯದು ನುಂಗಿಹೋಗುತ್ತಿದ್ದರೆ ಒಂದೇ ಕೈಯಲ್ಲಿ ಮೂರು ಪೆಟ್ಟು, ಒಂದು ಖಾಲಿ ಅಂತ ಬಾರಿಸಿ ನೋಡಿ. ಪರ್ಕಸಿವ್ ಆರ್ಟ್ಸ್ ಸೊಸೈಟಿ ಪಟ್ಟಿ ಮಾಡಿದ 40 ರುಡಿಮೆಂಟ್‌ಗಳಲ್ಲಿ (ಡ್ರಮ್ಮಿನ ಮೂಲ ಪಾಠಗಳು) ಯಾವುದು ಕೈಕೊಟ್ಟರೂ ಇದೇ ದಾರಿ. ಒಂದು ಕೈಯದ್ದನ್ನು ಮಾತ್ರ ಬರೆದುಕೊಂಡು ಬಾರಿಸಿ, ಗಂಟು ಎಲ್ಲಿದೆ ಅಂತ ಕಾಣುತ್ತದೆ.

ಕಾಲು ಸೇರಿದ ಕೂಡಲೇ ಕೆಡುತ್ತದೆ

ಆಡಿಷನ್‌ನಲ್ಲಿ ನಿಂತಲ್ಲೇ ಕಾಲು ಹಾಕುತ್ತಾ ಬಾರಿಸಬೇಕು. ಎಡಗಾಲಿನಿಂದ ಶುರು. ಮನೆಯಲ್ಲಿ ಕಾಲಿಲ್ಲದೆ ತಯಾರಾದವರು ಇಲ್ಲಿ ಕಳೆದುಹೋಗುತ್ತಾರೆ.

ಮೊದಲು ಕಡ್ಡಿ ಕೆಳಗಿಡಿ. ಕಾಲು ಹಾಕುತ್ತಾ ಪಾಠವನ್ನು ಬಾಯಲ್ಲಿ ಹೇಳಿ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಮೃದಂಗ ಅಥವಾ ಭರತನಾಟ್ಯ ಕಲಿತಿದ್ದರೆ ಕೊನ್ನಕ್ಕೋಲ್ (ತಾಳದ ಸೊಲ್ಲು ಹೇಳುವುದು) ಬಾಯಲ್ಲೇ ಇರುತ್ತದೆ. ಬೀಟ್‌ಗೆ ನಾಲ್ಕಾದರೆ ತಕಧಿಮಿ, ಮೂರಾದರೆ ತಕಿಟ, ಆರಾದರೆ ತಕಿಟ ತಕಿಟ. ನಾಲ್ಕರಿಂದ ಮೂರಕ್ಕೆ ಹೋಗುವಾಗ ಮುಗ್ಗರಿಸುವುದು ಅಮೆರಿಕದ ಮಕ್ಕಳಿಗೆ ದೊಡ್ಡ ತಲೆನೋವು. ಚತುರಶ್ರ ನಡೆಯಿಂದ ತಿಶ್ರಕ್ಕೆ ತಾಳ ಹಾಕಿ ಅಭ್ಯಾಸ ಮಾಡಿದವರಿಗೆ ಅದು ಹೊಸದೇನಲ್ಲ. ಕೈ ತಾಳದ ಬದಲು ಕಾಲು, ಅಷ್ಟೇ ತಾನೇ? ಅಕ್ಕನ ಮಗಳಿಗೆ ಇದು ತನಗೆ ಆಗಲೇ ಗೊತ್ತಿರುವ ವಿಷಯ ಅಂತ ಹೊಳೆದ ದಿನ ಅವಳ ಮುಖ ನೋಡಬೇಕಿತ್ತು.

ಬಾಯಿ ಸರಿ ಇದ್ದು ಕೈ ಸೇರಿದಾಗ ಕೆಟ್ಟರೆ, ಆಕ್ಸೆಂಟ್ ಜೊತೆ ಕಾಲೂ ಜೋರಾಗಿ ಬೀಳುತ್ತಿದೆಯಾ ನೋಡಿ. ಕಾಲು ಕೈಯನ್ನು ಹಿಂಬಾಲಿಸಬಾರದು. ಕಾಲು ಯಾವಾಗಲೂ ಒಂದೇ ಸಮ. ಕೈ ಅದರ ಮೇಲೆ ಕೂರಬೇಕು. ಆಮೇಲೆ ಮೆಟ್ರೋನೋಮ್ ಸದ್ದನ್ನು ಎರಡು ಬೀಟ್‌ಗಳ ನಡುವೆ ಬರುವ ಹಾಗೆ ಇಟ್ಟುಕೊಂಡು ಬಾರಿಸಿ. ವೇಗ ಹೆಚ್ಚಿಸಿ ಓಡುವ ಅಭ್ಯಾಸ ಇದ್ದರೆ ಎಂಟು ಬಾರ್‌ನೊಳಗೆ (ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ) ಸದ್ದು ನಿಮ್ಮ ಕಾಲಿನ ಮೇಲೇ ಬಂದುಬಿಡುತ್ತದೆ.

ಮನೆಯಲ್ಲಿ ಸರಿ, ಅಲ್ಲಿ ಮಾತ್ರ ತಪ್ಪು

ಎದೆ ಹೊಡೆದುಕೊಳ್ಳುವಾಗ ಎಲ್ಲರೂ ಓಡುತ್ತಾರೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದು, ಉಸಿರು ಹಿಡಿಯುವ ಮುಂಚೆ ಪಾಠ ಶುರು ಮಾಡಿ, ರೆಕಾರ್ಡ್ ಮಾಡಿ. ಯಾವ ಜಾಗದಲ್ಲಿ ಕೆಟ್ಟಿತೋ ಆಡಿಷನ್‌ನಲ್ಲೂ ಅಲ್ಲೇ ಕೆಡುವ ಸಾಧ್ಯತೆ ಜಾಸ್ತಿ. ಆ ಎರಡು ಬಾರ್‌ಗೆ ವಾರದ ಹೆಚ್ಚಿನ ಸಮಯ ಕೊಡಿ.

ನಡುವೆ ತಪ್ಪುವ ಅಭ್ಯಾಸವನ್ನೂ ಮಾಡಬೇಕು. ಮನೆಯವರು ಯಾವಾಗಲಾದರೂ ಚಪ್ಪಾಳೆ ತಟ್ಟಲಿ. ತಟ್ಟಿದ ಕೂಡಲೇ ಕೈ ನಿಲ್ಲಿಸಿ, ಕಾಲು ಬಿಡಬೇಡಿ, ಮುಂದಿನ ಬಾರ್‌ನ ಒಂದನೇ ಬೀಟ್‌ಗೆ ಮತ್ತೆ ಸೇರಿಕೊಳ್ಳಿ. ಕೈ ತಪ್ಪಿದಾಗ ಕಾಲೂ ನಿಂತವರನ್ನು ಲೈನ್‌ನಲ್ಲಿ ಇಟ್ಟುಕೊಳ್ಳುವುದು ಕಷ್ಟ, ಪಕ್ಕದವರೂ ಅವರ ಜೊತೆ ಎಡವುತ್ತಾರೆ. ನಮ್ಮ ಹುಡುಗಿಗೆ ಚಪ್ಪಾಳೆ ತಟ್ಟುವ ಕೆಲಸವನ್ನು ಅಡುಗೆಮನೆಯಿಂದಲೇ ಅಕ್ಕ ಮಾಡುತ್ತಿದ್ದಳು. ಆಡಿಷನ್ ದಿನ ಎರಡನೇ ಪಾಠದ ನಡುವೆ ಅವಳ ಎಡಗೈ ಕಡ್ಡಿ ಡ್ರಮ್ಮಿನ ಅಂಚಿನ ರಿಮ್‌ಗೆ ತಾಗಿ ಹಾರಿಹೋಯಿತು. ಕಾಲು ನಿಲ್ಲಲಿಲ್ಲ. ಚೀಲದಿಂದ ಇನ್ನೊಂದು ಕಡ್ಡಿ ತೆಗೆದು, ಮುಂದಿನ ಬಾರ್‌ನ ಒಂದನೇ ಬೀಟ್‌ಗೆ ಸೇರಿಕೊಂಡಳು.